ಗೋಡೆಯೊಳಗೆ ಸೇರಿದ ಹುಲ್ಲು: ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಪ್ರಕರಣ ಅಧ್ಯಯನ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2008ರಿಂದ 2010ರ ಆಸುಪಾಸಿನ ಅವಧಿಯಲ್ಲಿ, ಹತ್ತು ಸಾವಿರ ಎಕರೆಗೆ ಹತ್ತಿರವಾಗುವಷ್ಟು ಅಮೃತಮಹಲ್ ಕಾವಲು ಭೂಮಿಯನ್ನು, ಅಂದರೆ ಅರಸರ ಕಾಲದಿಂದ ಕಾದಿಟ್ಟ ಹುಲ್ಲುಗಾವಲನ್ನು, ಸರ್ಕಾರ ಕೆಲವು ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಮುಖ್ಯವಾಗಿ ವರವು ಕಾವಲಿನಲ್ಲಿ ಸುಮಾರು 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿ ಕಾವಲಿನಲ್ಲಿ ಸುಮಾರು 1,810 ಎಕರೆ, ಇಸ್ರೋಗೆ 573 ಎಕರೆ, ಖಾಸಗಿ ಸೌರ ವಿದ್ಯುತ್ ಯೋಜನೆಯೊಂದಕ್ಕೆ 1,250 ಎಕರೆ ಹೋದವು. ಕಡತಗಳಲ್ಲಿ ಈ ಭೂಮಿ ಯಾರ ಪಹಣಿಯಲ್ಲೂ ಇಲ್ಲದ, ಬೆಳೆ ಕಾಣದ, ಆದ್ದರಿಂದ ಖಾಲಿ ಬಿದ್ದ ಸರ್ಕಾರಿ ಜಮೀನು. ಸುತ್ತಲಿನ ಊರು ಮತ್ತು ಹಟ್ಟಿಗಳ ಜನರಿಗಾದರೋ ಅದು ದನಕರು, ಕುರಿ, ಮೇಕೆಗಳು ವರ್ಷದಲ್ಲಿ ಹಲವು ತಿಂಗಳು ಬದುಕುವ ಜಾಗ. ಒಂದೇ ನೆಲದ ಬಗ್ಗೆ ಎರಡು ಲೆಕ್ಕಗಳು ಹೇಗೆ ಇಷ್ಟು ದೂರ ಸರಿದವು, ಆ ಅಂತರ ಒಣನಾಡಿನ ಆಹಾರದ ವಿಷಯದಲ್ಲಿ ಏನು ಬೆಲೆ ಕೇಳುತ್ತದೆ ಎಂಬುದನ್ನು ಈ ಅಧ್ಯಯನ ನೋಡುತ್ತದೆ. ವಿಜ್ಞಾನ ಸಂಸ್ಥೆಗಳು ಬೇಕೇ ಬೇಡವೇ ಎಂಬುದು ಇಲ್ಲಿನ ವಿಷಯವಲ್ಲ. ಬೇಕೆಂದು ಒಪ್ಪಿಕೊಂಡ ಮೇಲೂ ಉಳಿಯುವ ಪ್ರಶ್ನೆಗಳೇ ಇಲ್ಲಿನ ವಿಷಯ.

ಮೊದಲು ಕಾವಲು ಎಂದರೇನು ಎಂಬುದನ್ನು ಹೇಳಬೇಕು, ಏಕೆಂದರೆ ಅದನ್ನು ಗೋಮಾಳವೆಂದು ಭಾವಿಸಿ ಮಾತನಾಡುವ ರೂಢಿಯಿಂದಲೇ ಅರ್ಧ ಗೊಂದಲ ಹುಟ್ಟಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ‘ಬೆಣ್ಣೆ ಚಾವಡಿ’ ಎಂಬ ವ್ಯವಸ್ಥೆ ಇತ್ತು. ಹೈದರ್ ಅಲಿಯ ಕಾಲಕ್ಕೆ ಅದೇ ಮಂದೆಗಳ ಎತ್ತುಗಳು ಸೈನ್ಯದ ಫಿರಂಗಿ ಮತ್ತು ಸಾಮಾನು ಎಳೆಯುವ ಬಲವಾದವು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಬ್ರಿಟಿಷರು ಅದನ್ನು ತಮ್ಮ ಸೈನ್ಯದ ಅಗತ್ಯಕ್ಕೆ ಮುಂದುವರಿಸಿದರು, 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮಂದೆಗಳನ್ನು ಮಾರಿದರು, ಆಮೇಲೆ ಒಳ್ಳೆಯ ಎತ್ತುಗಳು ಸಿಗದೆ ತಪ್ಪು ಅರಿವಾಗಿ 1866ರ ಹೊತ್ತಿಗೆ ಮತ್ತೆ ಕಟ್ಟತೊಡಗಿದರು. ಖರ್ಚಿನ ಲೆಕ್ಕದಲ್ಲಿ ಕಾಣದ ಪ್ರಯೋಜನ ಕೈಬಿಟ್ಟ ಮೇಲೆ ಮಾತ್ರ ಕಾಣಿಸುತ್ತದೆ ಎಂಬುದಕ್ಕೆ ಈ ಇಲಾಖೆಯ ಚರಿತ್ರೆಯಲ್ಲೇ ಒಂದು ಉದಾಹರಣೆ ಇದ್ದುದನ್ನು ನೂರೈವತ್ತು ವರ್ಷಗಳ ನಂತರ ಯಾರೂ ನೆನೆಸಿಕೊಳ್ಳಲಿಲ್ಲ.

ಈ ಮಂದೆಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. 19ನೆಯ ಶತಮಾನದಲ್ಲಿ ಅವುಗಳ ಒಟ್ಟು ವಿಸ್ತಾರ ನಾಲ್ಕು ಲಕ್ಷ ಎಕರೆಯಷ್ಟಿತ್ತು. ಅವುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಿಸಿದ್ದರು. ಬೇಸಿಗೆಯ ಕಾವಲಿನಲ್ಲಿ ನೆರಳಿಗೆ ಮರಗಳೂ ಕುಡಿಯಲು ಕೆರೆಯ ನೀರೂ ಕೆರೆಯಂಗಳದ ಹಸಿಯೂ ಇರಬೇಕಾಗಿತ್ತು, ಮಳೆಗಾಲದ ಕಾವಲಿಗೆ ಅದು ಬೇಕಿರಲಿಲ್ಲ. ಸೇರ್ವೆಗಾರರ ಮೇಲ್ವಿಚಾರಣೆಯಲ್ಲಿ ಮಂದೆಗಳು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಒಂದು ಕಾವಲು ಮೇಯುವಾಗ ಉಳಿದವುಗಳಲ್ಲಿ ಹುಲ್ಲು ಚಿಗುರಿ, ತೆನೆ ಬಿಟ್ಟು, ಬೀಜ ಉದುರಿಸುತ್ತಿತ್ತು. ಇಂದು ಸರದಿ ಮೇವು ಎಂದು ತರಬೇತಿ ಶಿಬಿರಗಳಲ್ಲಿ ಕಲಿಸುವ ಪಾಠವನ್ನು ಈ ವಿಂಗಡಣೆ ಆಗಲೇ ನೆಲದ ಮೇಲೆ ಬರೆದಿಟ್ಟಿತ್ತು.

ಇಲ್ಲಿ ಒಂದು ಅಹಿತಕರ ಸತ್ಯವನ್ನೂ ಒಪ್ಪಿಕೊಳ್ಳಬೇಕು. ಕಾವಲು ಮೂಲದಲ್ಲಿ ಊರಿನ ಸ್ವತ್ತಾಗಿರಲಿಲ್ಲ, ಅರಸರ ಸ್ವತ್ತಾಗಿತ್ತು. ಅರಮನೆಯ ಮಂದೆಗೆ ಮೊದಲ ಹಕ್ಕು, ಊರಿನ ದನಗಳಿಗೆ ಉಳಿದದ್ದು. ಸೈನ್ಯಕ್ಕೆ ಎತ್ತುಗಳ ಅಗತ್ಯ ತೀರಿ, ಸರ್ಕಾರಿ ಮಂದೆಗಳು ಅಜ್ಜಂಪುರದಂಥ ತಳಿ ಕೇಂದ್ರಗಳಿಗೆ ಸೀಮಿತವಾದ ಮೇಲೆ, ದೂರದ ಕಾವಲುಗಳಲ್ಲಿ ಊರಿನ ಮಂದೆಗಳೇ ಉಳಿದುಕೊಂಡವು. ಎರಡು ಮೂರು ತಲೆಮಾರು ಹೀಗೆ ನಡೆದು ರೂಢಿ ಗಟ್ಟಿಯಾಯಿತು, ಆದರೆ ಕಾಗದದಲ್ಲಿ ಅದು ಹಕ್ಕಾಗಿ ದಾಖಲಾಗಲಿಲ್ಲ. ಸ್ವಾತಂತ್ರ್ಯದ ಆಸುಪಾಸಿನ ದಶಕಗಳಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕರೆಯ ಹೆಸರಿನಲ್ಲಿ ರಾಜ್ಯದ ಹಲವೆಡೆ ಕಾವಲುಗಳ ಭಾಗಗಳನ್ನು ಉಳುಮೆಗೆ ಬಿಟ್ಟುಕೊಟ್ಟದ್ದೂ ಇದೇ ಕಾರಣಕ್ಕೆ ಸುಲಭವಾಯಿತು. ಅಂದರೆ ಆಹಾರ ನೀತಿಯೇ ಒಮ್ಮೆ ಹುಲ್ಲನ್ನು ಆಹಾರವಲ್ಲವೆಂದು ಪಕ್ಕಕ್ಕಿಟ್ಟಿತ್ತು. 2008ರ ನಂತರ ನಡೆದದ್ದಕ್ಕೆ ದಾರಿ ಅಲ್ಲಿಯೇ ಅರ್ಧ ಬಿದ್ದಿತ್ತೆಂದು ನನ್ನ ಭಾವನೆ.

ನೆಲ, ಮಳೆ ಮತ್ತು ಮಂದೆಯ ವರ್ಷ

ಚಳ್ಳಕೆರೆ ಕರ್ನಾಟಕದ ಅತ್ಯಂತ ಒಣ ತಾಲ್ಲೂಕುಗಳಲ್ಲಿ ಒಂದು. ಇಲ್ಲಿಗೆ ಬರುವ ವರ್ಷದ ಮಳೆ ಸಾಮಾನ್ಯವಾಗಿ 500 ಮಿಲಿಮೀಟರ್ ಮುಟ್ಟುವುದಿಲ್ಲ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಸುರಿಯುತ್ತದೆ. ಒಂದು ಊರಿನ ಮೇಲೆ ಹದವಾಗಿ ಬಿದ್ದ ಮಳೆ ಎರಡು ಹರದಾರಿ ಆಚೆಯ ಊರಿಗೆ ಬಾರದೆ ಹೋಗುವುದು ಇಲ್ಲಿ ಅಪರೂಪವಲ್ಲ. ಶೇಂಗಾ ಇಲ್ಲಿನ ಮುಖ್ಯ ಬೆಳೆ. ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರೇ ಬಂದಿದೆ. ಆದರೆ ಮೂರು ವರ್ಷಗಳಲ್ಲಿ ಒಂದು ವರ್ಷವಾದರೂ ಬೆಳೆ ಕೈಕೊಡಬಹುದೆಂದು ಗೊತ್ತಿದ್ದೇ ಬಿತ್ತುವ ನೆಲ ಇದು. ಇಂಥಲ್ಲಿ ನಡೆದುಹೋಗಬಲ್ಲ ಸಂಪತ್ತಿಗೆ, ಅಂದರೆ ಕಾಲಿರುವ ಸಂಪತ್ತಿಗೆ, ಬೆಲೆ ಹೆಚ್ಚು. ಬೆಳೆ ಒಣಗಿದರೆ ಅಲ್ಲೇ ಒಣಗುತ್ತದೆ, ಕುರಿ ಮಳೆ ಬಿದ್ದ ಕಡೆಗೆ ಹೋಗುತ್ತದೆ.

ಈ ಭಾಗದ ಪಶುಪಾಲಕರು ಒಂದೇ ಬಗೆಯವರಲ್ಲ. ಕುರುಬರು ಮತ್ತು ಕಾಡುಗೊಲ್ಲರು ಮುಖ್ಯವಾಗಿ ಕುರಿ ಮೇಕೆ ಸಾಕುತ್ತಾರೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ ಇಂದಿಗೂ ಬಾಯಿಂದ ಬಾಯಿಗೆ ಬರುತ್ತಿದೆ, ಅದರ ನಾಯಕನೇ ದನಗಾಹಿ. ಮ್ಯಾಸಬೇಡರು ಅಥವಾ ಮ್ಯಾಸ ನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ದೇವರ ಹೆಸರಿಗೆ ಬಿಟ್ಟ ಈ ದನಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ. ಅವುಗಳ ಹಾಲನ್ನೂ ವ್ಯಾಪಾರಕ್ಕೆ ತರುವಂತಿಲ್ಲ. ಅವುಗಳನ್ನು ಕಾಯುವ ಕಿಲಾರಿಗಳು ಮಂದೆಯೊಂದಿಗೇ ಬದುಕುತ್ತಾರೆ. ಗಾದ್ರಿ ಪಾಲನಾಯಕನಂಥ ಸಾಂಸ್ಕೃತಿಕ ವೀರರ ಕಥನಗಳು ಈ ದನಗಳ ಸುತ್ತಲೇ ಬೆಳೆದಿವೆ. ಆರ್ಥಿಕ ಸಮೀಕ್ಷೆಯೊಂದು ದೇವರ ಎತ್ತಿನ ಮಂದೆಯನ್ನು ‘ಅನುತ್ಪಾದಕ’ ಎಂಬ ಕಲಮಿಗೆ ಸೇರಿಸಬಹುದು. ಆದರೆ ಮಾರದೆ, ಕಡಿಯದೆ, ಮಿಶ್ರತಳಿ ಮಾಡದೆ ಉಳಿಸಿಕೊಂಡು ಬಂದ ಇಂಥ ಮಂದೆಗಳಿಂದಲೇ ಸ್ಥಳೀಯ ದನಗಳ ಗುಣ ಉಳಿದಿರುವುದುಂಟು. ತಳಿ ಸಂರಕ್ಷಣೆಗೆ ಸರ್ಕಾರ ಬೇರೆಡೆ ಹಣ ಕೊಡುತ್ತದೆ, ಇಲ್ಲಿ ಅದು ಹರಕೆಯ ಬಲದಿಂದ ನಡೆಯುತ್ತದೆ.

ಮಂದೆಯ ವರ್ಷ ಹೇಗೆ ಉರುಳುತ್ತದೆ ಎಂಬುದು ಈ ಪ್ರಕರಣದ ತಿರುಳಾದ್ದರಿಂದ ಸ್ವಲ್ಪ ನಿಂತು ನೋಡಬೇಕು. ಮುಂಗಾರಿನಲ್ಲಿ ಬಿತ್ತನೆಯಾದ ಕೂಡಲೇ ಹೊಲಗಳ ಬಾಗಿಲು ದನಕುರಿಗಳಿಗೆ ಮುಚ್ಚುತ್ತದೆ. ಕಾಳು ಮನೆಗೆ ಬರುವವರೆಗೆ, ಸುಮಾರು ಜುಲೈಯಿಂದ ನವೆಂಬರ್‌ವರೆಗೆ, ಊರಿನ ಸುತ್ತ ಮೇಯಲು ಉಳಿಯುವುದು ಗೋಮಾಳ, ಬೀಳು, ಗುಡ್ಡ ಮತ್ತು ಕಾವಲು ಮಾತ್ರ. ಸುಗ್ಗಿಯ ನಂತರ ಸಂಬಂಧ ತಿರುಗುತ್ತದೆ. ಆಗ ರೈತನೇ ಕುರಿಗಾಹಿಯನ್ನು ಕರೆಯುತ್ತಾನೆ, ಕೂಳೆ ಮೇಯಲು ಬಿಟ್ಟು ರಾತ್ರಿ ಹೊಲದಲ್ಲಿ ಮಂದೆ ತರುಬಿಸಿಕೊಳ್ಳುತ್ತಾನೆ, ಅದಕ್ಕೆ ಹಣವನ್ನೋ ಕಾಳನ್ನೋ ಕೊಡುತ್ತಾನೆ. ಕುರಿ ಹಿಕ್ಕೆಯೂ ಗಂಜಳವೂ ಬಿದ್ದ ಹೊಲದಲ್ಲಿ ಮುಂದಿನ ವರ್ಷದ ಬೆಳೆ ಬೇರೆಯೇ ಬಣ್ಣ ತೆಗೆಯುತ್ತದೆ ಎಂಬುದನ್ನು ಒಣಬೇಸಾಯದ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಬೇಸಿಗೆ ಬಲಿತಾಗ ದೊಡ್ಡ ಮಂದೆಗಳು ನೀರಾವರಿ ಪ್ರದೇಶಗಳತ್ತ ಹೊರಡುತ್ತವೆ. ವಯಸ್ಸಾದವರು, ಮಕ್ಕಳು, ಈದ ದನ, ಕೆಲವು ಮೇಕೆಗಳು ಊರಲ್ಲೇ ಉಳಿಯುತ್ತವೆ. ಉಳಿದವುಗಳಿಗೆ ಕಾವಲಿನ ಒಣಹುಲ್ಲು, ತುಗ್ಗಲಿ, ಕಮರ, ಜಾಲಿ ಮರಗಳ ಸೊಪ್ಪು ಮತ್ತು ಕಾಯಿಗಳೇ ಆಧಾರ.

ಹೀಗಾಗಿ ಕಾವಲು ವರ್ಷಕ್ಕೆ ಎರಡು ಬಾರಿ ಅನಿವಾರ್ಯ: ಹೊಲ ಮುಚ್ಚಿದ ಬಿತ್ತನೆಯ ಕಾಲದಲ್ಲಿ ಒಮ್ಮೆ, ಮೇವು ಮುಗಿದ ಬೇಸಿಗೆಯಲ್ಲಿ ಇನ್ನೊಮ್ಮೆ. ಈ ಎರಡು ಕೊಂಡಿಗಳಲ್ಲಿ ಒಂದು ಕಳಚಿದರೂ ಸುಗ್ಗಿಯ ನಂತರ ಹೊಲಕ್ಕೆ ಬರಬೇಕಾದ ಮಂದೆಯೇ ಇರುವುದಿಲ್ಲ. ಜಾನುವಾರು ಗಣತಿ ಇದನ್ನು ಹಿಡಿಯಲಾರದು, ಏಕೆಂದರೆ ಅದು ತಲೆ ಎಣಿಸುತ್ತದೆ, ತಿಂಗಳನ್ನು ಎಣಿಸುವುದಿಲ್ಲ. ಭೂದಾಖಲೆಯೂ ಹಿಡಿಯಲಾರದು, ಏಕೆಂದರೆ ಅದರಲ್ಲಿ ಒಡೆತನದ ಕಲಮು ಇದೆ, ಬೆಳೆಯ ಕಲಮು ಇದೆ, ಆದರೆ ‘ಆಗಸ್ಟ್‌ನಲ್ಲಿ ಇಲ್ಲಿ ಯಾರ ಮಂದೆ ಮೇಯುತ್ತದೆ’ ಎಂಬ ಕಲಮು ಇಲ್ಲ.

ಬೇಲಿ, ಗೋಡೆ, ನ್ಯಾಯಮಂಡಳಿ

ಹಂಚಿಕೆಯ ಸುದ್ದಿ ಸುತ್ತಲಿನ ಊರುಗಳಿಗೆ ಸರಿಯಾಗಿ ತಿಳಿದದ್ದು ಆದೇಶಗಳಿಂದಲ್ಲ, ಕಾವಲಿನ ಅಂಚಿನಲ್ಲಿ ಬೇಲಿಯ ಕಂಬಗಳು ಏಳತೊಡಗಿದ ಮೇಲೆ. ದೊಡ್ಡ ಉಳ್ಳಾರ್ತಿಯ ಸುತ್ತಲಿನ ಜನ ಅಮೃತಮಹಲ್ ಕಾವಲ್ ಹಿತರಕ್ಷಣಾ ಹೋರಾಟ ಸಮಿತಿಯ ಹೆಸರಿನಲ್ಲಿ ಸಂಘಟಿತರಾದರು. 2013ರಲ್ಲಿ ಸಮಿತಿಯ ಕಡೆಯಿಂದಲೂ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆಯ ಕಡೆಯಿಂದಲೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಅರ್ಜಿಗಳು ಬಂದವು. ಗ್ರಾಮಸಭೆಗಳನ್ನು ಕೇಳದೆ ಹಂಚಲಾಗಿದೆ, ಈ ಹುಲ್ಲುಗಾವಲುಗಳು ಅರಣ್ಯವೆಂದು ಪರಿಗಣಿಸಬೇಕಾದವು, ಕೃಷ್ಣಮೃಗ ಮುಂತಾದ ಬಯಲು ಪ್ರಾಣಿಗಳ ನೆಲೆ ಇವು, ಸಾವಿರಾರು ಕುಟುಂಬಗಳ ಜೀವನ ಇವುಗಳ ಮೇಲೆ ನಿಂತಿದೆ ಎಂಬುವು ವಾದದ ಮುಖ್ಯ ಎಳೆಗಳು. ಅದಕ್ಕೂ ಎರಡು ವರ್ಷ ಮೊದಲು, 2011ರ ಜನವರಿ 28ರಂದು, ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರಿನ ಸಾಮುದಾಯಿಕ ಭೂಮಿಗಳನ್ನು ಅತಿಕ್ರಮಣದಿಂದ ಬಿಡಿಸಿ ಊರಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತ್ತು. ಆದರೆ ಇಲ್ಲಿ ಅತಿಕ್ರಮಿಸಿದವರು ಯಾರೂ ಇರಲಿಲ್ಲ. ಭೂಮಿಯನ್ನು ಕೊಟ್ಟದ್ದು ಸರ್ಕಾರವೇ, ಪಡೆದವರಲ್ಲಿ ಹೆಚ್ಚಿನವರು ಸರ್ಕಾರದ ಸಂಸ್ಥೆಗಳೇ.

ನ್ಯಾಯಮಂಡಳಿ 2013ರಲ್ಲಿ ತಾತ್ಕಾಲಿಕವಾಗಿ ಕಾಮಗಾರಿಗಳನ್ನು ತಡೆದು, ಸ್ಥಳ ಪರಿಶೀಲನೆಗೆ ಇಬ್ಬರು ತಜ್ಞರ ಸಮಿತಿಯನ್ನು ಕಳುಹಿಸಿತು. 2014ರ ಆಗಸ್ಟ್ 27ರ ಅಂತಿಮ ಆದೇಶ ಹಂಚಿಕೆಯನ್ನು ರದ್ದುಪಡಿಸಲಿಲ್ಲ. ಅಗತ್ಯ ಅನುಮತಿಗಳನ್ನು ಪಡೆದು ಷರತ್ತುಗಳಿಗೆ ಒಳಪಟ್ಟು ಯೋಜನೆಗಳು ಮುಂದುವರಿಯಬಹುದೆಂಬುದು ಅದರ ಒಟ್ಟು ಪರಿಣಾಮ. 2017ರ ಮೇ 28ರಂದು ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಅದೇ ವಲಯದ ಓಡುದಾರಿಯ ಮೇಲೆ ತಾನಾಗಿಯೇ ಇಳಿದು ದೇಶದ ಗಮನ ಸೆಳೆಯಿತು. ಚಂದ್ರಯಾನ–2ರ ಇಳಿಯುವ ಉಪಕರಣಗಳನ್ನು ಪರೀಕ್ಷಿಸಲು ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಲಾಗಿತ್ತು. ಅದೇ ನೆಲವನ್ನು ಬಲ್ಲ ದನಗಾಹಿಗೆ ಅಲ್ಲಿ ಯಾವ ತಗ್ಗಿನಲ್ಲಿ ಮಳೆಯ ನಂತರ ಎಷ್ಟು ದಿನ ನೀರು ನಿಲ್ಲುತ್ತದೆ ಎಂಬುದೂ ಗೊತ್ತಿರುತ್ತದೆ, ಅದನ್ನು ಯಾರೂ ಕೇಳಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ನ್ಯಾಯಾಲಯದ ಹಾದಿಯ ಮಿತಿಯನ್ನೂ ಗಮನಿಸಬೇಕು. ಹಸಿರು ನ್ಯಾಯಮಂಡಳಿ ಪರಿಸರ ಕಾನೂನುಗಳ ಚೌಕಟ್ಟಿನಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಹುಲ್ಲುಗಾವಲನ್ನು ಉಳಿಸಬೇಕಾದರೆ ಅದನ್ನು ಅರಣ್ಯವೆಂದೋ ವನ್ಯಜೀವಿಗಳ ನೆಲೆಯೆಂದೋ ಸಾಧಿಸಬೇಕು. ಮೇವಿನ ಜಾಗವಾಗಿ, ಅನ್ನದ ಮೂಲವಾಗಿ ಅದನ್ನು ಉಳಿಸಿಕೊಡಿ ಎಂದು ಕೇಳಲು ಸರಿಯಾದ ಬಾಗಿಲೇ ಇಲ್ಲ. ಹಾಗೆಂದು ಅರಣ್ಯವೆಂದು ಘೋಷಣೆಯಾಗಿಬಿಟ್ಟರೆ ಮುಂದೆ ಮೇಯಿಸುವವರೇ ಅಪರಾಧಿಗಳಾಗುವ ಭಯ ಬೇರೆ. ರಾಜ್ಯದ ಎಷ್ಟೋ ಕುರುಚಲು ಬಯಲುಗಳಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟು, ಗುಂಡಿ ತೋಡಿ, ಕುರಿ ಬಾರದಂತೆ ಕಂದಕ ತೆಗೆದದ್ದನ್ನು ಪಶುಪಾಲಕರು ಮರೆತಿಲ್ಲ.

ಕಳೆದುಹೋದದ್ದಕ್ಕೆ ಬೆಲೆ ಕಟ್ಟುವ ಪ್ರಯತ್ನ

ಕಾವಲಿನಿಂದ ಏನು ಸಿಗುತ್ತಿತ್ತು ಎಂಬುದನ್ನು ಸರ್ಕಾರದ್ದೇ ಮಾನದಂಡಗಳನ್ನು ಹಿಡಿದು ಲೆಕ್ಕ ಹಾಕಬಹುದು. ಮೊದಲನೆಯದು, ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೆಯ ನಿಯಮ. ಅದರ ಪ್ರಕಾರ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಮೇವಿಗೆ ಕಾದಿರಿಸಬೇಕು. ಈ ನಿಯಮ ಗೋಮಾಳಕ್ಕೆ ಸಂಬಂಧಿಸಿದ್ದು, ಕಾವಲಿಗೆ ಕಾನೂನಿನ ಪ್ರಕಾರ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅಳತೆಗೋಲಾಗಿ ಬಳಸಿದರೆ, ಹತ್ತು ಸಾವಿರ ಎಕರೆ ಎಂದರೆ ಸುಮಾರು 4,047 ಹೆಕ್ಟೇರ್, ಅಂದರೆ 33,000ಕ್ಕೂ ಮಿಕ್ಕ ಜಾನುವಾರುಗಳ ಪಾಲಿನ ಮೇವಿನ ನೆಲ. ಒಣನಾಡಿನ ಹುಲ್ಲು ನಿಯಮ ಬರೆದವರು ಊಹಿಸಿದಷ್ಟು ಸಮೃದ್ಧವಲ್ಲವೆಂದು ಇದನ್ನು ಅರ್ಧಕ್ಕೆ, ಕಾಲುಭಾಗಕ್ಕೆ ಇಳಿಸಿದರೂ ಉಳಿಯುವ ಸಂಖ್ಯೆ ಚಿಕ್ಕದಲ್ಲ.

ಎರಡನೆಯ ಲೆಕ್ಕ ಇನ್ನೂ ನೇರ. ಬರ ಬಿದ್ದಾಗ ಮೇವು ಶಿಬಿರ ಅಥವಾ ಗೋಶಾಲೆ ತೆರೆದರೆ ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ದೊಡ್ಡ ಪ್ರಾಣಿಗೆ ದಿನಕ್ಕೆ 80 ರೂಪಾಯಿ, ಸಣ್ಣ ಪ್ರಾಣಿಗೆ 45 ರೂಪಾಯಿ ವೆಚ್ಚ ತೋರಿಸಬಹುದು. ಒಂದು ಸಾವಿರ ದನಗಳನ್ನು 90 ದಿನ ಹೀಗೆ ಸಾಕಿದರೆ 72 ಲಕ್ಷ ರೂಪಾಯಿ. ಹತ್ತು ಸಾವಿರ ಕುರಿಗಳಿಗೆ ಅಷ್ಟೇ ದಿನಗಳಿಗೆ 4 ಕೋಟಿ 5 ಲಕ್ಷ. ಕಾವಲು ಈ ಕೆಲಸವನ್ನು ಬರದ ವರ್ಷದಲ್ಲಿ ಪೂರ್ತಿಯಾಗಿ ಅಲ್ಲದಿದ್ದರೂ ಬಹುಮಟ್ಟಿಗೆ, ಉಳಿದ ವರ್ಷಗಳಲ್ಲಿ ಪೂರ್ತಿಯಾಗಿ, ಟೆಂಡರು ಇಲ್ಲದೆ, ಲಾರಿ ಬಾಡಿಗೆಯಿಲ್ಲದೆ ಮಾಡುತ್ತಿತ್ತು. ಭೂಮಿ ಹಂಚುವಾಗ ಎಕರೆಗೆ ಇಷ್ಟೆಂದು ಬೆಲೆ ನಿಗದಿ ಮಾಡುವ ಕಡತದಲ್ಲಿ ಈ ಮೊತ್ತ ಎಲ್ಲಿಯೂ ಬರುವುದಿಲ್ಲ, ಏಕೆಂದರೆ ಭೂಮಿಯ ಬೆಲೆ ಕಂದಾಯ ಇಲಾಖೆಯ ಲೆಕ್ಕ, ಮೇವು ಶಿಬಿರದ ಖರ್ಚು ವಿಪತ್ತು ನಿರ್ವಹಣೆಯ ಲೆಕ್ಕ. ಮಳೆ ಕೈಕೊಟ್ಟ ವರ್ಷ ದೇವರ ಎತ್ತುಗಳಿಗೆ ಮೇವು ಒದಗಿಸಿ ಎಂದು ಕಿಲಾರಿಗಳು ತಾಲ್ಲೂಕು ಕಚೇರಿಯ ಮುಂದೆ ನಿಲ್ಲಬೇಕಾಗುವುದು ಈ ಎರಡು ಲೆಕ್ಕಗಳ ನಡುವಿನ ಬಿರುಕಿನಿಂದ.

ಗೋಶಾಲೆಯನ್ನು ನಾನು ತಿರಸ್ಕರಿಸುತ್ತಿಲ್ಲ. ದನ ಸಾಯುವಾಗ ಅದು ಬೇಕು. ಆದರೆ ಗೋಶಾಲೆ ದನವನ್ನು ಕಟ್ಟಿ ಸಾಕುತ್ತದೆ, ಕುರಿಗೆ ಅದು ಹೊಂದುವುದೇ ಇಲ್ಲ. ಸಾವಿರಾರು ಕುರಿಗಳನ್ನು ಒಂದೆಡೆ ಕೂಡಿದರೆ ರೋಗ ಹರಡಲು ಬೇರೆ ದಾರಿ ಬೇಕಿಲ್ಲ. ಕಾಲುಬಾಯಿ ಜ್ವರ, ನೀಲಿ ನಾಲಿಗೆ ರೋಗ, ಪಿಪಿಆರ್ ಎಂಬ ಕುರಿ ಮೇಕೆಗಳ ಸಾಂಕ್ರಾಮಿಕ ಇವೆಲ್ಲ ಕುರಿಗಾಹಿಯ ಮಾತಿನಲ್ಲಿ ಪುಸ್ತಕದ ಹೆಸರುಗಳಲ್ಲ. ಮಂದೆ ಚಲಿಸುತ್ತಿರುವುದೇ ಅವನ ಮೊದಲ ಔಷಧಿ.

ಕಂಬಳಿಯ ಕಥೆ ಇದರ ಪಕ್ಕದಲ್ಲೇ ಇದೆ. ಚಳ್ಳಕೆರೆ ಒಂದು ಕಾಲದಲ್ಲಿ ಕಂಬಳಿಗೆ ಹೆಸರಾದ ಊರು. ಬಳ್ಳಾರಿ, ಡೆಕ್ಕನಿ ತಳಿಯ ಕುರಿಗಳ ಒರಟು ಕಪ್ಪು ಉಣ್ಣೆಯನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸಿ, ಹೆಂಗಸರು ನೂಲು ತೆಗೆದು, ಹುಣಸೆ ಬೀಜದ ಸರಿ ಹಚ್ಚಿ ಗಟ್ಟಿಮಾಡಿದ ಹಾಸಿನಲ್ಲಿ ಗಂಡಸರು ನೇಯುತ್ತಿದ್ದರು. ಪೂಜೆಗೆ ಗದ್ದುಗೆ ಹಾಕಲು, ಮಳೆಯಲ್ಲಿ ಕೊಪ್ಪೆ ಮಾಡಿಕೊಳ್ಳಲು, ರಾತ್ರಿ ಮಂದೆಯ ಪಕ್ಕ ಮಲಗಲು ಅದೇ ಕಂಬಳಿ. ಉಣ್ಣೆಗೆ ಬೆಲೆ ಕುಸಿದು, ಮಾಂಸಕ್ಕೆ ಬೆಲೆ ಏರಿದ ಮೇಲೆ ಉಣ್ಣೆಯಿಲ್ಲದ, ಬೇಗ ತೂಕ ಬರುವ ಕುರಿಗಳತ್ತ ಒಲವು ಹೆಚ್ಚಿತು. ಮೇವಿನ ನೆಲ ಕಿರಿದಾದಂತೆ ಈ ಒತ್ತಡವೂ ಜೋರಾಗುತ್ತದೆ. ದೊಡ್ಡ ಮಂದೆಯನ್ನು ವರ್ಷಗಟ್ಟಲೆ ಬೆಳೆಸುವ ಬದಲು ಮರಿ ಕೊಂಡು, ನಾಲ್ಕು ತಿಂಗಳು ಮೇಯಿಸಿ, ಸಂತೆಗೆ ಹೊಡೆಯುವುದೇ ಲಾಭದಾಯಕವಾಗುತ್ತದೆ. ನೇಕಾರ ಸಂಘಗಳಿಗೆ ಮಗ್ಗ ಕೊಡುವ ಯೋಜನೆಗಳು ಹುಲ್ಲಿನ ಪ್ರಶ್ನೆಯನ್ನು ಮುಟ್ಟದೆ ಏಕೆ ಸೊರಗುತ್ತವೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ನೀತಿಯಲ್ಲಿ ಏನಿದೆ, ಎಲ್ಲಿ ತಪ್ಪುತ್ತದೆ

ಬೆಂಬಲದ ಕ್ರಮಗಳು ಇಲ್ಲವೇ ಇಲ್ಲವೆಂದು ಹೇಳಲಾಗದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ, ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ. ಕುರಿ ಸತ್ತರೆ ಪರಿಹಾರ ಕೊಡುವ ಅನುಗ್ರಹ ಯೋಜನೆಯಿದೆ. ಇತ್ತೀಚೆಗೆ, 2025ರಲ್ಲಿ, ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯಗಳಿಂದ ರಕ್ಷಣೆಗಾಗಿ ರಾಜ್ಯದ ವಿಧಾನಮಂಡಲದ ಮುಂದೆ ವಿಧೇಯಕವೂ ಬಂದಿತು. ದಾರಿಯಲ್ಲಿ ಹೊಡೆತ ತಿನ್ನುವ, ಕುರಿ ಕಳೆದುಕೊಳ್ಳುವ, ಠಾಣೆಯಲ್ಲಿ ದೂರು ಕೊಡಲಾಗದ ಜನರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಗಮನಿಸಿ: ಈ ಕ್ರಮಗಳಲ್ಲಿ ಹೆಚ್ಚಿನವು ಕುರಿಯನ್ನೂ ಕುರಿಗಾಹಿಯನ್ನೂ ನೋಡುತ್ತವೆ, ಅವರಿಬ್ಬರ ಕಾಲ ಕೆಳಗಿನ ನೆಲವನ್ನು ನೋಡುವುದಿಲ್ಲ. ಸತ್ತ ಕುರಿಗೆ ಪರಿಹಾರ ನಿಗದಿಯಾಗಿದೆ, ಬದುಕಿರುವ ಕುರಿಯ ಮೇವಿಗೆ ಯಾವ ಇಲಾಖೆ ಹೊಣೆ ಎಂಬುದು ನಿಗದಿಯಾಗಿಲ್ಲ.

ಆಹಾರ ಭದ್ರತೆಯ ಕಡೆಯಿಂದ ನೋಡಿದರೂ ಇದೇ ಕೊರತೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಕಾಳಿನ ಲೆಕ್ಕದಲ್ಲಿ ಬರೆದದ್ದು, ರಾಜ್ಯದ ಅನ್ನಭಾಗ್ಯವೂ ಹಾಗೆಯೇ. ಇವು ಹಸಿವನ್ನು ತಡೆದಿವೆ, ಅದರಲ್ಲಿ ಅನುಮಾನವಿಲ್ಲ. ಮಂದೆಯ ಹಿಂದೆ ಆರು ತಿಂಗಳು ಹೊರಗಿರುವ ಕುಟುಂಬಕ್ಕೆ ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಪಡೆಯುವ ವ್ಯವಸ್ಥೆ ಬಂದಿರುವುದು ನಿಜವಾದ ಉಪಕಾರ. ಆದರೆ ಅಂಗಡಿ ತೆರೆಯುವ ಹೊತ್ತು, ಬೆರಳಚ್ಚಿನ ಯಂತ್ರಕ್ಕೆ ಸಿಗದ ನೆಟ್‌ವರ್ಕ್, ಮಂದೆಯನ್ನು ಯಾರ ಕೈಗೆ ಬಿಟ್ಟು ಊರೊಳಗೆ ಬರಬೇಕೆಂಬ ಚಿಂತೆ, ಇವು ಕಾಯ್ದೆಯ ಭಾಷೆಯಲ್ಲಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಹಾಲು, ಮಜ್ಜಿಗೆ, ಮಾಂಸ, ಹೊಲಕ್ಕೆ ಬೀಳುವ ಗೊಬ್ಬರ, ಮಂದೆ ತರುಬಿದ್ದಕ್ಕೆ ಸಿಗುವ ಜೋಳ ರಾಗಿ ಇವೆಲ್ಲ ಕಾವಲಿನಿಂದ ಹೊರಟು ಊರಿನ ತಟ್ಟೆಗೆ ಬರುತ್ತಿದ್ದ ಆಹಾರ. ಕಾವಲು ಮುಚ್ಚಿದಾಗ ಈ ಆಹಾರ ಯಾವ ಪಟ್ಟಿಯಿಂದಲೂ ಕಡಿಮೆಯಾಗಲಿಲ್ಲ, ಏಕೆಂದರೆ ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ.

2006ರ ಅರಣ್ಯ ಹಕ್ಕುಗಳ ಕಾಯ್ದೆಯ 3(1)(ಡಿ) ವಿಧಿ ನೆಲೆನಿಂತವರ ಮತ್ತು ಅಲೆಮಾರಿಗಳ ಮೇಯಿಸುವ ಹಕ್ಕನ್ನು, ಪಶುಪಾಲಕರ ಋತುಮಾನದ ಬಳಕೆಯನ್ನು ಹೆಸರಿಟ್ಟು ಹೇಳುತ್ತದೆ. ಭಾರತದ ಕಾನೂನುಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ಬೇರೆಡೆ ವಿರಳ. ಆದರೆ ಅದು ಅರಣ್ಯ ಭೂಮಿಗೆ ಅನ್ವಯವಾಗುವ ಕಾಯ್ದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸವನ್ನು ತೋರಿಸಬೇಕು. ಒಂದೇ ಕಾವಲಿನಲ್ಲಿ ಮೇಯಿಸುವ ಮ್ಯಾಸ ನಾಯಕರು ಪರಿಶಿಷ್ಟ ಪಂಗಡದವರು, ಕಾಡುಗೊಲ್ಲರು ಮತ್ತು ಕುರುಬರು ಇಲ್ಲಿ ಆ ಪಟ್ಟಿಯಲ್ಲಿಲ್ಲದವರು. ಹುಲ್ಲು ಜಾತಿ ಕೇಳುವುದಿಲ್ಲ, ಅರ್ಜಿ ನಮೂನೆ ಕೇಳುತ್ತದೆ. ಹೀಗೆ ಅತ್ಯುತ್ತಮ ಕಾನೂನೂ ಕಾವಲಿನ ಅಂಚಿಗೆ ಬಂದು ನಿಲ್ಲುತ್ತದೆ.

ಉಳಿದ ಕಾವಲುಗಳಲ್ಲಿ ಮಾಡಬಹುದಾದದ್ದು

ಹೋದ ಭೂಮಿ ಮರಳುತ್ತದೆಂದು ನಂಬಿ ಯೋಜನೆ ಬರೆಯುವುದರಲ್ಲಿ ಅರ್ಥವಿಲ್ಲ. ಉಳಿದಿರುವ ಕಾವಲು, ಗೋಮಾಳ, ಬೀಳುಗಳ ಬಗ್ಗೆ ಮಾತನಾಡುವುದಾದರೆ, ಮೊದಲ ಕೆಲಸ ಬಳಕೆಯನ್ನು ದಾಖಲೆಗೆ ತರುವುದು. ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವ ಹೊಣೆಯಿದೆ. ಬಹುತೇಕ ಕಡೆ ಅದು ಮರಗಿಡಗಳ ಹೆಸರಿನ ಪಟ್ಟಿಯಾಗಿ ಮುಗಿಯುತ್ತದೆ. ಅದೇ ಪುಸ್ತಕದಲ್ಲಿ ಯಾವ ತಿಂಗಳು ಯಾವ ಹಟ್ಟಿಯ ಮಂದೆ ಎಲ್ಲಿ ಮೇಯುತ್ತದೆ, ನೀರು ಎಲ್ಲಿ ಕುಡಿಯುತ್ತದೆ, ಕುರಿ ಕೂಡುವ ರೊಪ್ಪ ಎಲ್ಲಿ ಹಾಕುತ್ತಾರೆ ಎಂಬುದನ್ನು ಬರೆಯಲು ಹೊಸ ಕಾಯ್ದೆ ಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ 21ನೆಯ ಜಾನುವಾರು ಗಣತಿ ಮೊದಲ ಬಾರಿಗೆ ಪಶುಪಾಲಕರ ಜಾನುವಾರುಗಳನ್ನು ಪ್ರತ್ಯೇಕವಾಗಿ ಗುರುತಿಸಲು ಹೊರಟಿತು. ಆ ಸಂಖ್ಯೆಯ ಪಕ್ಕದಲ್ಲಿ ನೆಲದ ಈ ಬರಹವೂ ಇದ್ದರೆ ಮಾತ್ರ ಸಂಖ್ಯೆಗೆ ಉಪಯೋಗ.

ಎರಡನೆಯದು ನೆಲದ ಆರೈಕೆ. ಉಳಿದ ಕಾವಲುಗಳಿಗೆ ಹೊರನಾಡಿನ ಮುಳ್ಳುಮರವಾದ ಬಳ್ಳಾರಿ ಜಾಲಿ ನುಗ್ಗಿರುವುದು ದೊಡ್ಡ ಸಮಸ್ಯೆ. ಅದರ ಕಾಯನ್ನು ಕುರಿ ಮೇಕೆಗಳೇ ತಿಂದು ಹಿಕ್ಕೆಯಲ್ಲಿ ಬೀಜ ಹರಡುವುದರಿಂದ ಪಶುಪಾಲಕರ ಸಹಾಯವಿಲ್ಲದೆ ಅದನ್ನು ತೆಗೆಯಲಾಗದು. ಉದ್ಯೋಗ ಖಾತರಿಯ ಹಣದಲ್ಲಿ ಅದನ್ನು ಬೇರುಸಹಿತ ಕಿತ್ತು, ಕರಡದಂಥ ಸ್ಥಳೀಯ ಹುಲ್ಲು ಬರುವವರೆಗೆ ಒಂದು ಭಾಗವನ್ನು ಮೇಯದೆ ಬಿಡುವ ಕ್ರಮ ಸಾಧ್ಯವಿದೆ. ಮೇಯದೆ ಬಿಡುವ ಭಾಗ ಯಾವುದು, ಎಷ್ಟು ತಿಂಗಳು ಎಂಬುದನ್ನು ಮಾತ್ರ ಮಂದೆ ಕಾಯುವವರು ಹೇಳಬೇಕು. ಮಳೆಗಾಲ, ಚಳಿಗಾಲ, ಬೇಸಿಗೆ ಎಂಬ ಹಳೆಯ ವಿಂಗಡಣೆಯನ್ನೇ ತೆಗೆದುಕೊಂಡರೂ ಆರಂಭಕ್ಕೆ ಸಾಕು. ಸಸಿ ನೆಡುವ ಗುರಿಯನ್ನು ಕಾವಲಿನ ಮೇಲೆ ಹೇರುವುದನ್ನು ನಿಲ್ಲಿಸಬೇಕು. ಹುಲ್ಲುಗಾವಲಿಗೆ ಮರ ನೆಡುವುದು ಹೊಲದಲ್ಲಿ ಕಳೆ ಬಿತ್ತಿದಂತೆ ಎಂದು ಹೇಳಿದರೆ ಕೆಲವು ಅಧಿಕಾರಿಗಳಿಗೆ ಕೋಪ ಬರಬಹುದು, ಆದರೆ ಗುರಿ ತಲುಪಿಸುವ ಒತ್ತಡದಲ್ಲಿ ನೆಟ್ಟ ಸಸಿಗಳು ಆ ನೆಲದ ಹುಲ್ಲಿಗೆ ನೆರಳು ಬಿಟ್ಟು ಬೇರೇನೂ ಕೊಟ್ಟಿಲ್ಲ.

ಮೂರನೆಯದು ನೀರು. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿ ಈ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಹೆಸರಿನಲ್ಲಿ ಉಳಿದ ಮಾತು. ಕೆರೆಗಳ ಹೂಳೆತ್ತುವ ಯೋಜನೆಗಳು ಈಗ ಪ್ರತಿ ವರ್ಷ ಬರುತ್ತವೆ, ಆದರೆ ಕೆರೆಗೆ ದನ ಇಳಿಯುವ ದಾರಿಯನ್ನು ಯಾವ ಅಂದಾಜು ಪಟ್ಟಿಯೂ ತೋರಿಸುವುದಿಲ್ಲ. ಏರಿ ಎತ್ತರಿಸಿ, ಸುತ್ತ ಬೇಲಿ ಹಾಕಿದ ಕೆರೆ ನೀರಾವರಿಗೆ ಉಪಯೋಗಕ್ಕೆ ಬರಬಹುದು, ಮಂದೆಗೆ ಅದು ಇದ್ದೂ ಇಲ್ಲದ ನೀರು. ಗೋಡೆಗಳು ಎದ್ದ ಮೇಲೆ ಹಟ್ಟಿಯಿಂದ ನೀರಿಗೆ ನಡೆಯುವ ದೂರ ಬದಲಾದ ಊರುಗಳಲ್ಲಿ ಇದು ಇನ್ನೂ ತುರ್ತಿನ ಕೆಲಸ.

ಸಂಸ್ಥೆಗಳ ಗೋಡೆಯೊಳಗಿನ ಭೂಮಿಯ ಬಗ್ಗೆಯೂ ಒಂದು ಮಾತು ಸಾಧ್ಯ. ಅಷ್ಟೂ ಎಕರೆಗಳಲ್ಲಿ ಕಟ್ಟಡವಾಗಲೀ ಓಡುದಾರಿಯಾಗಲೀ ಎದ್ದಿಲ್ಲ, ಏಳಬೇಕಾಗಿಯೂ ಇಲ್ಲ. ಭದ್ರತೆಗೆ ತೊಂದರೆಯಿಲ್ಲದ ಭಾಗಗಳಲ್ಲಿ ವರ್ಷಕ್ಕೆ ಒಮ್ಮೆ ಹುಲ್ಲು ಕೊಯ್ದು ಒಯ್ಯಲು ಸುತ್ತಲಿನ ಹಟ್ಟಿಗಳ ಸಂಘಗಳಿಗೆ ಅವಕಾಶ ಕೊಡುವುದು, ಬರದ ವರ್ಷದಲ್ಲಿ ಮಿತ ಸಂಖ್ಯೆಯ ದನಗಳನ್ನು ಗುರುತು ಹಾಕಿ ಒಳಗೆ ಬಿಡುವುದು, ಇವೆರಡೂ ಒಪ್ಪಂದದ ಮೇಲೆ ನಡೆಯಬಲ್ಲ ಕೆಲಸಗಳು. ಕೊಯ್ಯದೆ ಮೇಯದೆ ಬಿಟ್ಟ ಒಣಹುಲ್ಲು ಬೇಸಿಗೆಯಲ್ಲಿ ಬೆಂಕಿಗೆ ಆಹಾರವಾಗುವುದರಿಂದ ಸಂಸ್ಥೆಗಳಿಗೂ ಇದರಲ್ಲಿ ಲಾಭವಿದೆ. ಗ್ರಾಮೀಣ ಶಿಕ್ಷಕರ ತರಬೇತಿಗೆ ಹೆಸರು ಮಾಡಿರುವ, ಭಾರತೀಯ ವಿಜ್ಞಾನ ಸಂಸ್ಥೆಯ ಕುದಾಪುರದ ಆವರಣದಲ್ಲಿ ಹುಲ್ಲಿನ ಇಳುವರಿ, ಮೇಯಿಸಿದ ಮತ್ತು ಮೇಯಿಸದ ತುಂಡುಗಳ ಮಣ್ಣು, ಮಳೆಯ ಹಂಚಿಕೆ ಇವುಗಳನ್ನು ಕುರಿಗಾಹಿಗಳೊಂದಿಗೆ ಕೂಡಿ ಹತ್ತು ವರ್ಷ ಅಳೆದರೆ, ಇಂದು ಯಾರ ಬಳಿಯೂ ಇಲ್ಲದ ಮಾಹಿತಿ ಈ ತಾಲ್ಲೂಕಿನಲ್ಲೇ ಹುಟ್ಟುತ್ತದೆ.

ವಿಶ್ವಸಂಸ್ಥೆ 2026ನೆಯ ಇಸವಿಯನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಮಂಗೋಲಿಯಾ ಮುಂದಿಟ್ಟ ಆ ಪ್ರಸ್ತಾವಕ್ಕೆ ಸಾಮಾನ್ಯ ಸಭೆ 2022ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇಂಥ ವರ್ಷದ ಹೆಸರಿನಲ್ಲಿ ಬೆಂಗಳೂರಿನಲ್ಲಿ ವಿಚಾರ ಸಂಕಿರಣಗಳು ನಡೆಯುತ್ತವೆ, ನಡೆಯಲಿ. ಚಳ್ಳಕೆರೆಯ ಮಟ್ಟಿಗೆ ಬೇಕಾಗಿರುವುದು ಇನ್ನೂ ಸಣ್ಣ ಕೆಲಸ: ಕಂದಾಯ, ಪಶುಸಂಗೋಪನೆ ಮತ್ತು ಅರಣ್ಯ ಇಲಾಖೆಗಳ ಮೂವರು ಅಧಿಕಾರಿಗಳು ಮತ್ತು ಹಟ್ಟಿಗಳಿಂದ ಬಂದ ಕಿಲಾರಿ, ಕುರಿಗಾಹಿಗಳು ಒಂದೇ ನಕ್ಷೆಯನ್ನು ನೆಲದ ಮೇಲೆ ಹರಡಿ, ಉಳಿದ ಕಾವಲುಗಳ ಗಡಿಯನ್ನೂ, ಬಿತ್ತನೆಯ ಕಾಲದಲ್ಲಿ ಮಂದೆ ಹಾಯುವ ದಾರಿಗಳನ್ನೂ, ಅವು ನೀರು ಮುಟ್ಟುವ ಜಾಗಗಳನ್ನೂ ಒಟ್ಟಿಗೆ ಗುರುತಿಸುವುದು. ಆ ನಕ್ಷೆಗೆ ಗ್ರಾಮಸಭೆಯ ಸಹಿ ಬಿದ್ದು ಪಂಚಾಯಿತಿಯ ಕಪಾಟಿನಲ್ಲಿ ಒಂದು ಪ್ರತಿ, ತಹಶೀಲ್ದಾರರ ಕಚೇರಿಯಲ್ಲಿ ಇನ್ನೊಂದು ಪ್ರತಿ ಇದ್ದರೆ, ಮುಂದಿನ ಬಾರಿ ಖಾಲಿ ಜಮೀನು ಹುಡುಕಿಕೊಂಡು ಕಡತ ಬಂದಾಗ ಉತ್ತರ ಬರೆಯುವ ಗುಮಾಸ್ತನ ಮೇಜಿನ ಮೇಲೆ ತೆರೆದಿಡಲು ಒಂದು ಕಾಗದವಾದರೂ ಇರುತ್ತದೆ.